ಹೊಸ ರಿವಾಲ್ವರ್‌ಗೆ ಏನು ಬೇಕು, ಏನು ಬೇಡ: ಮಲೆನಾಡಿನ ಲೆಕ್ಕ

ಕಳೆದ ತಿಂಗಳು ಹೊಸನಗರದ ಕಡೆಯಿಂದ ಅಕ್ಕನ ಅಳಿಯ ಫೋನ್ ಮಾಡಿದ. "ಮಾವ, ಅಂತೂ ರಿವಾಲ್ವರ್ ಕೈಗೆ ಬಂತು. ಇನ್ನು ಅದಕ್ಕೆ ಏನೇನು ಹಾಕಿಸ್ಲಿ?" ಎಂದ. ಲೈಸೆನ್ಸಿಗಾಗಿ ಅಲೆದು ಚಪ್ಪಲಿ ಸವೆಸಿದ ಹುಡುಗ. ಈಗ ಆಸೆ ತುಂಬಿ ಹರಿಯುತ್ತಿತ್ತು. ಲೇಸರ್ ಬೇಕಂತೆ, ಬೀಟೆ ಮರದ ಹಿಡಿ ಮಾಡಿಸಬೇಕಂತೆ, ಟ್ರಿಗರ್ ಸ್ವಲ್ಪ ಹಗುರ ಮಾಡಿಸಬೇಕಂತೆ, ಸೊಂಟಕ್ಕೆ ಒಳ್ಳೆ ಚರ್ಮದ ಹೋಲ್‌ಸ್ಟರ್ ಬೇಕಂತೆ. "ಅಡಿಕೆ ದುಡ್ಡಲ್ಲಿ ಹತ್ತು ಸಾವಿರ ಬೇರೆ ಎತ್ತಿಟ್ಟಿದೀನಿ" ಎಂದ.

"ಗೋಡೆಗೆ ಬೋಲ್ಟ್ ಹಾಕಿ ಕೂರಿಸೋ ಪೆಟ್ಟಿಗೆ ತಗೊಂಡ್ಯಾ?" ಎಂದು ಕೇಳಿದೆ.

ಆ ಕಡೆಯಿಂದ ಸದ್ದಿಲ್ಲ.

ಈ ಪ್ರಶ್ನೆ ನನಗೆ ಹೊಸದಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮ ತೋಟ. ಮನೆಯಲ್ಲಿ ಅಪ್ಪ ಬಿಟ್ಟುಹೋದ ಜೋಡುನಳಿಗೆ ಕೋವಿ ಒಂದು, ನನ್ನ .32 ರಿವಾಲ್ವರ್ (ನಳಿಗೆಯ ಒಳ ಅಳತೆ, ಇಂಚಿನ ಲೆಕ್ಕ) ಒಂದು. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರಿತ್ತು. ಹಾಗಾಗಿ ನನಗೆ ಇನ್ನೊಂದು ಕೊಳ್ಳುವ ದಾರಿ ಇಲ್ಲ. ಹುಚ್ಚು ತೀರಿಸಿಕೊಳ್ಳುವುದೆಲ್ಲ ಜೊತೆಯ ಸಾಮಾನಿನ ಮೇಲೇ. ಹತ್ತಾರು ಮಳೆಗಾಲದಲ್ಲಿ ಬೇಕಾದದ್ದು ಬೇಡದ್ದು ಎರಡನ್ನೂ ಕೊಂಡಿದ್ದೇನೆ. ಅಳಿಯನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಯಾವುದೇ ಸಾಮಾನು ಕೊಳ್ಳುವ ಮೊದಲು ನಾನು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಮೊದಲನೆಯದು ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಒಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ವಿಡಿಯೋಗಳಲ್ಲಿ ಹೋಲ್‌ಸ್ಟರ್ ಹೊಗಳುವವರು ಯಾವುದೋ ಒಣ ದೇಶದಲ್ಲಿ ನಿಂತಿರುತ್ತಾರೆ. ಅವರಿಗೆ ಒಳ್ಳೆಯದಾದ ಸಾಮಾನು ನಮ್ಮ ಆಷಾಢದಲ್ಲಿ ತುಕ್ಕಿನ ಚೀಲ ಆಗಬಹುದು.

ಎರಡನೆಯದು, ಬೇರೆಯವರ ಕೈಗೆ ಸಿಗುತ್ತದೆಯೇ. ಮಕ್ಕಳು, ಕೆಲಸಕ್ಕೆ ಬರುವವರು, ಕಳ್ಳರು, ಅಷ್ಟೇ ಅಲ್ಲ, ಕುಡಿದು ಬಂದ ನೆಂಟರು ಕೂಡ. ಮೂರನೆಯದು ಕಾನೂನು. ನಾಲ್ಕನೆಯದು ಬಹಳ ಜನ ಕೇಳಿಕೊಳ್ಳದ ಪ್ರಶ್ನೆ: ಹಾಕಿಸಿದ್ದು ಹೊಂದದಿದ್ದರೆ ತೆಗೆದು ಮೊದಲಿನಂತೆ ಮಾಡಲು ಬರುತ್ತದೆಯೇ? ಹಿಡಿ ಬದಲಿಸಿದರೆ ಹಳೆಯದನ್ನು ಮತ್ತೆ ಕೂರಿಸಬಹುದು. ಉಜ್ಜಿದ ಲೋಹ ಮತ್ತೆ ಬೆಳೆಯುವುದಿಲ್ಲ.

ಬೆಲೆ ಇವೆಲ್ಲ ಆದ ಮೇಲೆ.

ಇದರ ಜೊತೆಗೆ ನಿಮ್ಮ ರಿವಾಲ್ವರ್ ಎಲ್ಲಿರುತ್ತದೆ ಎಂಬುದನ್ನೂ ಯೋಚಿಸಿ. ಒಂಟಿ ಮನೆ, ವಯಸ್ಸಾದ ಗಂಡ ಹೆಂಡತಿ, ಆಯುಧ ಮನೆ ಬಿಟ್ಟು ಹೋಗುವುದೇ ಇಲ್ಲ ಎನ್ನುವವರ ಪಟ್ಟಿ ಬೇರೆ. ಅಡಿಕೆ ಮಾರಿದ ದುಡ್ಡು ಹಿಡಿದು ಶಿವಮೊಗ್ಗದಿಂದ ರಾತ್ರಿ ವಾಪಸ್ ಬರುವವರ ಪಟ್ಟಿ ಬೇರೆ.

ನಿಮ್ಮ ಕೈಯಲ್ಲಿರುವುದು ಯಾವುದು?

9 ಎಂಎಂ ನಮ್ಮಲ್ಲಿ ಸಾಮಾನ್ಯರಿಗೆ ಸಿಗುವುದಿಲ್ಲ. ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಕೊಡದ ನಳಿಗೆ ಅಳತೆ. ಅದಕ್ಕೇ ನಮ್ಮ ಕಡೆ ಕಾಣುವುದು ಹೆಚ್ಚಾಗಿ .32. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹಳೆ ಮಾದರಿಯ ರಿವಾಲ್ವರ್ ತುಂಬ ಜನರ ಬಳಿ ಇದೆ. ವೆಬ್ಲಿ ಎಂಬ ಬ್ರಿಟಿಷ್ ಕಂಪನಿಯ ಹಳೆಯ ವಿನ್ಯಾಸದ್ದು. ಮೇಲಿನ ಕೊಂಡಿ ಒತ್ತಿದರೆ ನಳಿಗೆ ಕೆಳಗೆ ಬಾಗಿ ಬಾಯಿ ತೆರೆಯುತ್ತದೆ, ಆರೂ ಖಾಲಿ ತೋಟೆ ಒಟ್ಟಿಗೆ ಮೇಲೆ ಬರುತ್ತವೆ. 2021ರಲ್ಲಿ ಸರ್ಕಾರಿ ಆಯುಧ ಕಾರ್ಖಾನೆಗಳನ್ನು ಏಳು ಕಂಪನಿ ಮಾಡಿದ ಮೇಲೆ, 2023ರಲ್ಲಿ ಪ್ರಬಲ್ ಎಂಬ ಹೊಸ .32 ಬಂತು. ಅದರಲ್ಲಿ ಗುಂಡಿನ ಉರುಳೆ ಪಕ್ಕಕ್ಕೆ ತಿರುಗುತ್ತದೆ. ಅಶನಿ ಎಂಬ ಪಿಸ್ತೂಲೂ ಇದೆ. ಅದರ ತೋಟೆಯೂ .32 ಅಂತಲೇ ಕರೆಸಿಕೊಂಡರೂ ರಿವಾಲ್ವರಿನ ತೋಟೆ ಅದಕ್ಕೆ ಆಗುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಒಂದರ ಹೋಲ್‌ಸ್ಟರ್ ಇನ್ನೊಂದಕ್ಕೆ ಕೂರುವುದಿಲ್ಲ, ಒಂದರ ಹಿಡಿ ಇನ್ನೊಂದಕ್ಕೆ ಹೊಂದುವುದಿಲ್ಲ. "ಎಲ್ಲಾ .32ಗೂ ಆಗುತ್ತೆ ಸಾರ್" ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ನಾನು ಆ ಮಾತು ನಂಬಿ ಒಂದು ನೈಲಾನ್ ಚೀಲ ತಂದಿದ್ದೆ. ಟ್ರಿಗರ್ ಪೂರ್ತಿ ಹೊರಗೆ ಕಾಣುತ್ತಿತ್ತು. ಈಗ ಅದರಲ್ಲಿ ಸ್ಕ್ರೂ ಡ್ರೈವರ್‌ಗಳಿವೆ.

ಪೆಟ್ಟಿಗೆ: ಇಲ್ಲಿ ಜಿಪುಣತನ ಬೇಡ

ನಮ್ಮಲ್ಲಿ ಬಹಳ ಮನೆಗಳಲ್ಲಿ ರಿವಾಲ್ವರ್ ಇರುವುದು ಉಕ್ಕಿನ ಬೀರುವಿನ ಲಾಕರಿನಲ್ಲಿ, ಒಡವೆ ಮತ್ತು ಪತ್ರಗಳ ಜೊತೆ. ಖರ್ಚಿಲ್ಲ, ಅದೇ ಅದರ ದೊಡ್ಡ ಗುಣ. ಆದರೆ ಬೀರುವಿನ ಕೀಲಿ ಎಲ್ಲಿದೆ ಅಂತ ಮನೆಯ ಮಗುವಿಗೂ ಗೊತ್ತು. ಹಬ್ಬದ ದಿನ ಸರ ತೆಗೆಯಲು ಯಾರೋ ಬಾಗಿಲು ತೆರೆಯುತ್ತಾರೆ. ಎರಡನೇ ಪ್ರಶ್ನೆಯಲ್ಲೇ ಬೀರು ಫೇಲು.

ಇನ್ನೊಂದು ದಾರಿ ಸಣ್ಣ ಉಕ್ಕಿನ ಪೆಟ್ಟಿಗೆ. ಇದರಲ್ಲಿ ಮೂರು ಬಗೆ: ಕೀಲಿ, ನಂಬರ್ ಒತ್ತುವ ಎಲೆಕ್ಟ್ರಾನಿಕ್ ಬೀಗ, ಬೆರಳಚ್ಚಿನದು. ಬೆರಳಚ್ಚಿನದು ಕೇಳಲು ಚೆಂದ. ಕತ್ತಲಲ್ಲಿ ಬೆರಳಿಟ್ಟರೆ ತೆರೆಯುತ್ತದೆ, ಕೀಲಿ ಕಳೆಯುವ ಭಯ ಇಲ್ಲ. ಆದರೆ ಅಡಿಕೆ ಸುಲಿದ ಕೈ ನೋಡಿದ್ದೀರಲ್ಲ? ಕೊಯ್ಲಿನ ಸಮಯದಲ್ಲಿ ನನ್ನ ಬೆರಳಿಗೆ ರೇಷನ್ ಅಂಗಡಿಯ ಯಂತ್ರವೇ ಸ್ಪಂದಿಸುವುದಿಲ್ಲ. ಮಧ್ಯರಾತ್ರಿ ಈ ಪೆಟ್ಟಿಗೆ ಸ್ಪಂದಿಸುತ್ತದೆ ಅಂತ ನಂಬುವುದು ಹೇಗೆ? ತೋಟದ ಕೆಲಸ ಮಾಡದವರಿಗೆ, ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಅಡ್ಡಿಯಿಲ್ಲ.

ನಂಬರ್ ಬೀಗ ನಡುವಿನದು. ಮಳೆಗಾಲದಲ್ಲಿ ಸೆಲ್ಲಿನ ತುದಿಗೆ ಹಸಿರು ಕಿಲುಬು ಹಿಡಿಯುತ್ತದೆ, ಅದೊಂದು ಕಾಟ. ಜೂನ್ ಮೊದಲ ವಾರ ಸೆಲ್ ಬದಲಿಸಿ, ತುದಿಗಳನ್ನು ಒರೆಸಿಟ್ಟರೆ ಸಾಕು. ಕೀಲಿಯದು ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ಅಗ್ಗ. ಆದರೆ ಕೀಲಿ ನಿಮ್ಮ ಉಡುದಾರದಲ್ಲೇ ಇರಬೇಕು, ಕ್ಯಾಲೆಂಡರ್ ಹಿಂದಿನ ಮೊಳೆಯಲ್ಲಲ್ಲ. ನಾನು ನಂಬರ್ ಬೀಗದ್ದು ಇಟ್ಟುಕೊಂಡಿದ್ದೇನೆ. ಅಪ್ಪನ ಕಾಲದವರಿಗೆ ನಾನು ಹೇಳುವುದು ಕೀಲಿಯದು.

ಯಾವುದನ್ನೇ ತನ್ನಿ, ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿಯಿರಿ. ಇಲ್ಲದಿದ್ದರೆ ಕಳ್ಳನಿಗೆ ಹಿಡಿಕೆ ಸಮೇತ ಪಾರ್ಸಲ್ ಕಟ್ಟಿಕೊಟ್ಟಂತೆ. ನಮ್ಮ ಹಳೆ ಮನೆಗಳ ಮಣ್ಣಿನ ಗೋಡೆಗೆ ಬೋಲ್ಟ್ ನಿಲ್ಲುವುದಿಲ್ಲ. ಆಗ ಮರದ ಕಂಬಕ್ಕೋ ಭಾರದ ಮಂಚದ ಚೌಕಟ್ಟಿಗೋ ಬಿಗಿಯಬಹುದು. ಬಚ್ಚಲಿನ ಗೋಡೆಗೆ ಒತ್ತಿದ ಜಾಗ ಮಾತ್ರ ಬೇಡ. ಆ ಗೋಡೆ ವರ್ಷವಿಡೀ ಬೆವರುತ್ತದೆ. ಗುಂಡುಗಳನ್ನು ಬೇರೆ ಕಡೆ, ಬೇರೆ ಬೀಗದಲ್ಲಿ ಇಡಿ. ಇದಕ್ಕೆ ರಬ್ಬರ್ ಅಂಚಿನ ಮುಚ್ಚಳ ಇರುವ ಸಣ್ಣ ಡಬ್ಬಿ ಸಾಕು.

ತೇವದ ಜೊತೆ ಜಗಳ

ನಮ್ಮಲ್ಲಿ ರಿವಾಲ್ವರ್ ಹಾಳಾಗುವುದು ಗುಂಡು ಹೊಡೆದಲ್ಲ, ಸುಮ್ಮನೆ ಇಟ್ಟು. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹಿಂದಿನವರು ಕೋವಿಯನ್ನು ಒಲೆಯ ಹತ್ತಿರದ ಗೋಡೆಗೆ ತೂಗುಹಾಕುತ್ತಿದ್ದರು. ಬಿಸಿಗೆ ತೇವ ಹತ್ತಿರ ಬರುವುದಿಲ್ಲ ಎಂಬ ಲೆಕ್ಕ. ತಪ್ಪೇನಲ್ಲ. ಆದರೆ ಹೊಗೆಯ ಮಸಿ ಲೋಹದ ಮೇಲೆ ಕೂತು ತಾನೇ ತೇವ ಹೀರುತ್ತದೆ. ಅದೂ ಅಲ್ಲದೆ ಆಯುಧ ಹಾಗೆ ಗೋಡೆಯ ಮೇಲೆ ತೂಗುವ ಕಾಲ ಹೋಯಿತು.

ಈಗ ನಮ್ಮ ಮುಂದಿರುವುದು ಸಿಲಿಕಾ ಜೆಲ್, ಬಲ್ಬ್, ಕರೆಂಟಿನಲ್ಲಿ ಬಿಸಿ ಮಾಡಿ ಮತ್ತೆ ಮತ್ತೆ ಬಳಸುವ ಸಣ್ಣ ಡಬ್ಬಿ. ಸಿಲಿಕಾ ಜೆಲ್ ಎಲ್ಲಕ್ಕಿಂತ ಅಗ್ಗ. ನೀಲಿ ಹರಳು ತೇವ ಕುಡಿದು ಗುಲಾಬಿ ಆಗುತ್ತದೆ. ಆಗ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ಅಡುಗೆ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ. ಆ ನೀಲಿ ಬಣ್ಣಕ್ಕೆ ಕೋಬಾಲ್ಟ್ ಸೇರಿಸಿರುತ್ತಾರೆ, ಹೊಟ್ಟೆಗೆ ಹೋಗುವ ವಸ್ತುವಲ್ಲ. ಹಳೇ ತಗಡಿನ ತಟ್ಟೆ ಒಂದನ್ನು ಇದಕ್ಕೇ ಮೀಸಲಿಡಿ. ಜುಲೈನಲ್ಲಿ ನಮ್ಮಲ್ಲಿ ಹತ್ತು ಹನ್ನೆರಡು ದಿನಕ್ಕೇ ಗುಲಾಬಿ ಆಗಿಬಿಡುತ್ತದೆ. ಮರೆಯುವ ಸ್ವಭಾವದವರಿಗೆ ಇದು ಹೊಂದದು. ಗುಲಾಬಿ ಹರಳು ಇಟ್ಟ ಪೆಟ್ಟಿಗೆಗೂ ಖಾಲಿ ಪೆಟ್ಟಿಗೆಗೂ ವ್ಯತ್ಯಾಸ ಇಲ್ಲ.

ಕಪಾಟಿನೊಳಗೆ 15 ವ್ಯಾಟಿನ ಬಲ್ಬ್ ಉರಿಸುವುದು ಕ್ಯಾಮೆರಾದವರ ಹಳೆಯ ಉಪಾಯ. ಒಳಗೆ ನಾಲ್ಕು ಡಿಗ್ರಿ ಬಿಸಿ ಹೆಚ್ಚಿದರೂ ತೇವ ಕೂರುವುದಿಲ್ಲ. ಈ ಉಪಾಯ ಕೇಳಿ ನಮ್ಮೂರಿನ ಒಬ್ಬರು ಎಲ್‌ಇಡಿ ಬಲ್ಬ್ ಹಾಕಿದ್ದರು! ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಹಳೇ ತಂತಿಯ ಬಲ್ಬೇ ಬೇಕು. ಸಣ್ಣ ಪೆಟ್ಟಿಗೆಯೊಳಗೆ ಇದು ಅಪಾಯ, ದೊಡ್ಡ ಕಪಾಟಿಗೆ ಮಾತ್ರ ಸರಿ. ಮಳೆಗಾಲದಲ್ಲಿ ಕರೆಂಟ್ ಎಷ್ಟು ದಿನ ಇರುತ್ತದೆ ಎಂಬುದನ್ನೂ ಲೆಕ್ಕ ಹಾಕಿ. ನಮ್ಮಲ್ಲಿ ಮರ ಬಿದ್ದರೆ ಮೂರು ದಿನ ಕತ್ತಲೆ.

ಮತ್ತೆ ಮತ್ತೆ ಬಿಸಿ ಮಾಡುವ ಡಬ್ಬಿ ಸ್ವಲ್ಪ ದುಬಾರಿ, ಆದರೆ ರಗಳೆ ಕಡಿಮೆ. ಬಣ್ಣ ಬದಲಾದಾಗ ಪ್ಲಗ್ಗಿಗೆ ಹಾಕಿ ಒಂದು ರಾತ್ರಿ ಬಿಟ್ಟರೆ ಆಯಿತು. ಮನೆ ಬಿಟ್ಟು ಹೋಗದ ರಿವಾಲ್ವರ್‌ಗೆ ನನ್ನ ಮತ ಇದಕ್ಕೇ.

ಇನ್ನು ಎಣ್ಣೆ. ಮಲೆನಾಡಿನಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ಕತ್ತಿಗೂ ಅದೇ, ತಲೆಗೂ ಅದೇ, ಕೋವಿಗೂ ಅದೇ. ಕತ್ತಿಗೆ ಸರಿ. ರಿವಾಲ್ವರ್‌ಗೆ ದಯವಿಟ್ಟು ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಬಿಳಿಯಾಗಿ ನಿಂತಿರುತ್ತದಲ್ಲ, ಒಳಗಿನ ಸ್ಪ್ರಿಂಗ್ ಸುತ್ತಲೂ ಹಾಗೇ ನಿಲ್ಲುತ್ತದೆ. ವರ್ಷ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಅದಕ್ಕಿಂತ ಸಾವಿರ ಪಾಲು ಮೇಲು, ಬೆಲೆಯೂ ಕಡಿಮೆ. ಗನ್ ಆಯಿಲ್ ಎಂದೇ ಮಾರುವುದು ತುಕ್ಕು ತಡೆಯುವುದರಲ್ಲಿ ಇನ್ನೂ ಒಂದು ಕೈ ಮುಂದೆ. ಒಂದು ಸಣ್ಣ ಬಾಟಲಿ ವರ್ಷಗಟ್ಟಲೆ ಬರುತ್ತದೆ. ಇಲ್ಲಿ ಉಳಿಸಿ ಸಾಧಿಸುವುದು ಏನೂ ಇಲ್ಲ. ಡಬ್ಲ್ಯೂಡಿ-40 ಎಂಬ ಸ್ಪ್ರೇ ನೀರು ಓಡಿಸಲು ಚೆನ್ನ, ಮಳೆಯಲ್ಲಿ ನೆನೆದು ಬಂದ ದಿನ ಹೊಡೆಯಿರಿ. ಆದರೆ ಅದು ಬೇಗ ಆರುತ್ತದೆ. ಅದರ ಮೇಲೆ ಬೇರೆ ಎಣ್ಣೆ ಬೇಕೇ ಬೇಕು.

ಎಣ್ಣೆ ಸುರಿಯುವುದೂ ತಪ್ಪು. ಉರುಳೆಯ ತೂತುಗಳಲ್ಲಿ ಎಣ್ಣೆ ನಿಂತರೆ ಅದು ತೋಟೆಯ ಹಿಂಭಾಗದಿಂದ ಒಳಗೆ ಇಳಿಯಬಹುದು. ಆಮೇಲೆ ಬೇಕಾದಾಗ ಟಿಕ್ ಅಂತಷ್ಟೇ ಸದ್ದು. ಹೊರಗೆ ಬೇಕಾದರೆ ಕಾರಿಗೆ ಹಚ್ಚುವ ವ್ಯಾಕ್ಸ್ ತೆಳ್ಳಗೆ ಹಚ್ಚಿ ಉಜ್ಜಿ. ಬೆವರಿನ ಕೈಯಲ್ಲಿ ಮುಟ್ಟಿದರೂ ಬೆರಳ ಗುರುತಿನಲ್ಲಿ ತುಕ್ಕು ಏಳುವುದಿಲ್ಲ.

ಒಂದು ಮಾತು ಸೇರಿಸಬೇಕು. ಆಯುಧ ಪೂಜೆಯ ದಿನ ರಿವಾಲ್ವರ್ ಮೇಲೆ ಅರಿಶಿನ ಕುಂಕುಮ ಇಟ್ಟು, ಹೂ ಏರಿಸಿ, ನೀರು ಪ್ರೋಕ್ಷಿಸಿ, ಮರುದಿನದವರೆಗೆ ಹಾಗೇ ಬಿಡುತ್ತೇವೆ. ನನ್ನ ರಿವಾಲ್ವರಿನ ನಳಿಗೆಯ ಮೇಲೆ ಈಗಲೂ ಒಂದು ದುಂಡಗಿನ ಕಲೆ ಇದೆ, ಮೊದಲ ವರ್ಷದ ಕುಂಕುಮದ್ದು. ಈಗ ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕೆ. ದೇವಿಗೆ ಬೇಸರ ಆದ ಹಾಗೆ ಕಂಡಿಲ್ಲ.

ಸ್ವಚ್ಛ ಮಾಡುವ ಕಿಟ್ಟಿನ ವಿಷಯ ಬೇಗ ಮುಗಿಸುತ್ತೇನೆ. .32 ಅಳತೆಯ ಬ್ರಷ್, ಹಿತ್ತಾಳೆಯ ಸರಳು, ಹಳೇ ಪಂಚೆಯ ತುಂಡು. ಉಕ್ಕಿನ ಸರಳು ನಳಿಗೆಯ ಬಾಯಿ ಸವೆಸುತ್ತದೆ, ಬೇಡ. ಮನೆಯಲ್ಲಿ 12 ಬೋರಿನ ಕೋವಿ ಇದ್ದರೆ ಅದರ ಬ್ರಷ್ ಇದಕ್ಕೆ ತೂರುವುದೇ ಇಲ್ಲ. ದುಬಾರಿ ಮರದ ಡಬ್ಬಿಯ ಕಿಟ್ಟಿನಲ್ಲೂ ಇರುವುದು ಇಷ್ಟೇ.

ಹೋಲ್‌ಸ್ಟರ್: ಚರ್ಮವೋ, ನೈಲಾನೋ, ಗಟ್ಟಿ ಪ್ಲಾಸ್ಟಿಕ್ಕೋ?

ಮನೆಯಲ್ಲೇ ಇಡುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ನಿಮಗೆ ಹೋಲ್‌ಸ್ಟರ್ ಬೇಕಿಲ್ಲ.

ಹೊರಗೆ ಒಯ್ಯುವವರಿಗೆ ಇದು ಶೋಕಿಯ ಸಾಮಾನಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಜನರ ನಡುವೆ ಕೈಬಂದೂಕು ಒಯ್ಯುವುದಾದರೆ ಅದು ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು. ಪಂಚೆಯ ಮಡಿಕೆಯಲ್ಲಿ ಸಿಕ್ಕಿಸುವುದು, ಜೀಪಿನ ಡ್ಯಾಶ್‌ಬೋರ್ಡ್ ಮೇಲಿಡುವುದು ನಡೆಯುವುದಿಲ್ಲ. ಮದುವೆ ಮನೆಯಲ್ಲಿ ಹೊರತೆಗೆದು ಆಕಾಶಕ್ಕೆ ಹೊಡೆಯುವುದಂತೂ ಈಗ ಬೇರೆಯೇ ಅಪರಾಧ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಚರ್ಮದ್ದು ನೋಡಲು ಚೆಂದ, ಮೈಗೆ ಹಿತ, ದಿನ ಕಳೆದಂತೆ ರಿವಾಲ್ವರಿನ ಆಕಾರಕ್ಕೆ ಒಗ್ಗುತ್ತದೆ. ಅಕ್ಟೋಬರಿನಿಂದ ಮೇ ತನಕ ಇದನ್ನು ಮೀರಿಸುವುದು ಇಲ್ಲ. ಆದರೆ ಚರ್ಮ ತೇವ ಕುಡಿಯುತ್ತದೆ. ಹದ ಮಾಡಲು ಹಾಕಿದ ಉಪ್ಪು, ಆಮ್ಲದ ಅಂಶ ಅದರಲ್ಲಿ ಉಳಿದಿರುತ್ತದೆ. ಒದ್ದೆ ಚರ್ಮದೊಳಗೆ ಒಂದು ವಾರ ಇಟ್ಟರೆ ರಿವಾಲ್ವರ್ ಮೇಲೆ ಕೆಂಪು ಚುಕ್ಕೆ ಖಚಿತ. ಪೆಟ್ಟಿಗೆಯಲ್ಲಿ ಇಡುವಾಗ ಹೋಲ್‌ಸ್ಟರಿನಿಂದ ತೆಗೆದೇ ಇಡಬೇಕು ಅನ್ನುವುದು ಇದಕ್ಕೇ. ಒಯ್ಯುವ ಚೀಲ ಬೇರೆ, ಇಡುವ ಪೆಟ್ಟಿಗೆ ಬೇರೆ.

ನೈಲಾನ್ ಅಗ್ಗ, ಬೇಗ ಒಣಗುತ್ತದೆ, ಬೂಷ್ಟು ಕಡಿಮೆ. ಮೆತ್ತಗಿರುವುದೇ ಅದರ ದೋಷ. ರಿವಾಲ್ವರ್ ತೆಗೆದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ, ವಾಪಸ್ ಹಾಕುವಾಗ ಅಂಚಿನ ಬಟ್ಟೆ ಟ್ರಿಗರಿಗೆ ಸಿಕ್ಕಿಕೊಳ್ಳಬಹುದು. ಕೊಳ್ಳುವುದಾದರೆ ಒಳಗೆ ಗಟ್ಟಿ ಪದರ ಇರುವುದನ್ನೇ ನೋಡಿ. ಟ್ರಿಗರ್ ಪೂರ್ತಿ ಮುಚ್ಚದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು ಮಳೆಗೆ ಹೇಳಿ ಮಾಡಿಸಿದ್ದು. ನೀರು ಕುಡಿಯುವುದಿಲ್ಲ, ಒರೆಸಿದರೆ ಆಯಿತು. ಟ್ರಿಗರನ್ನು ಚೆನ್ನಾಗಿ ಮುಚ್ಚುತ್ತದೆ. ತೊಂದರೆ ಎರಡು: ಉಜ್ಜಿ ಉಜ್ಜಿ ನಳಿಗೆಯ ಕಪ್ಪು ಬಣ್ಣ ಸವೆಯುತ್ತದೆ, ಮತ್ತು ಅದು ಒಂದೇ ಮಾದರಿಗೆಂದು ಅಚ್ಚು ಹಾಕಿದ್ದಾಗಿರಬೇಕು. ವಿದೇಶಿ ಪಿಸ್ತೂಲಿನ ಅಚ್ಚಿನದ್ದು ಕಾನ್ಪುರದ ರಿವಾಲ್ವರ್‌ಗೆ ಆಗುವುದಿಲ್ಲ. ಅಳತೆ ಕೊಟ್ಟು ಮಾಡಿಸಬೇಕು, ಅದಕ್ಕೆ ದುಡ್ಡೂ ಬೇಕು, ತಾಳ್ಮೆಯೂ ಬೇಕು.

ನನ್ನ ತೀರ್ಮಾನ ಹೀಗೆ. ವರ್ಷಕ್ಕೆ ನಾಲ್ಕೈದು ಸಲ ಹೊರಗೆ ಒಯ್ಯುವವರು, ಅದೂ ಅಡಿಕೆ ಮಾರುವ ಬೇಸಿಗೆಯಲ್ಲಿ: ಒಂದು ಒಳ್ಳೆ ಚರ್ಮದ್ದು ಸಾಕು, ಮಳೆಗಾಲದಲ್ಲಿ ಅದಕ್ಕೆ ರಜೆ. ವಾರಕ್ಕೆರಡು ಸಲ ಒಯ್ಯುವವರು, ಮಳೆಯೆನ್ನದೆ ಬೈಕಿನಲ್ಲಿ ಓಡಾಡುವವರು: ಗಟ್ಟಿ ಪ್ಲಾಸ್ಟಿಕ್ಕಿನದು. ಬಣ್ಣ ಸವೆದರೆ ಸವೆಯಲಿ, ವ್ಯಾಕ್ಸ್ ಇದೆ. ಜೀಪು ಕಾರಿನವರು ಕೊಳ್ಳುವ ಮೊದಲು ಸೀಟ್ ಬೆಲ್ಟ್ ಹಾಕಿ ಕೂತು ನೋಡಿ. ಸೊಂಟದ ಬಲಕ್ಕೆ ಚುಚ್ಚುವ ಹೋಲ್‌ಸ್ಟರನ್ನು ಹತ್ತು ಕಿಲೋಮೀಟರಿಗೇ ಬಿಚ್ಚಿ ಪಕ್ಕದ ಸೀಟಿನ ಮೇಲೆ ಇಡುತ್ತೀರಿ. ಅಲ್ಲಿಗೆ ಕೊಂಡಿದ್ದೂ ದಂಡ.

ಹಿಡಿ: ಬೀಟೆಯ ಆಸೆ

ಅಳಿಯನ ಬೀಟೆ ಮರದ ಆಸೆ ನನಗೂ ಇತ್ತು. ಹಳೆ ಮಂಚದ ಒಂದು ತುಂಡು ಅಟ್ಟದಲ್ಲಿತ್ತು. ಗುಡಿಗಾರರ ಕೆತ್ತನೆಗೆ ಹೆಸರಾದ ಸಾಗರ ಇಲ್ಲೇ ಇದೆ, ಯಾರಿಗೆ ಆಸೆ ಆಗುವುದಿಲ್ಲ ಹೇಳಿ? ಬೀಟೆ ಗಟ್ಟಿ, ಕೈಗೆ ತಂಪು, ನೋಡಿದವರು ಇನ್ನೊಮ್ಮೆ ನೋಡುತ್ತಾರೆ. ಆದರೆ ಒದ್ದೆ ಕೈಗೆ ನುಣುಪು ಮರ ಜಾರುತ್ತದೆ. ಮಳೆಗಾಲದಲ್ಲಿ ಯಾವ ಮರವೂ ಕೂದಲೆಳೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಸ್ಕ್ರೂ ಸಡಿಲ ಆಗುತ್ತದೆ. ಮೇಲೆ ಗೀರು ಕೆತ್ತಿಸಿ, ವಾರ್ನಿಶ್ ಮಾಡಿಸಿದರೆ ತಕ್ಕಮಟ್ಟಿಗೆ ಸರಿ.

ರಬ್ಬರ್ ಹಿಡಿ ನೋಡಲು ಏನೂ ಅಲ್ಲ. ಆದರೆ ಒದ್ದೆ ಕೈಗೆ ಕಚ್ಚಿ ಕೂರುತ್ತದೆ, ಹೊಡೆದಾಗ ಅಂಗೈಗೆ ಪೆಟ್ಟು ಕಡಿಮೆ. ಇದರ ಕೊರತೆ ಏನೆಂದರೆ ಅಂಗಿಯ ಬಟ್ಟೆ ಅದಕ್ಕೆ ಅಂಟಿ ಮೇಲೆದ್ದು ನಿಲ್ಲುತ್ತದೆ, ಒಳಗೇನಿದೆ ಅಂತ ಎಲ್ಲರಿಗೂ ಕಾಣುತ್ತದೆ. ಕೈ ಸಣ್ಣದಿದ್ದವರಿಗೆ ದಪ್ಪ ರಬ್ಬರ್ ಆಗುವುದಿಲ್ಲ. ತೋರುಬೆರಳ ಮೊದಲ ಗೆಣ್ಣಿನ ಭಾಗ ಟ್ರಿಗರಿಗೆ ಆರಾಮವಾಗಿ ತಲುಪಬೇಕು. ಖಾಲಿ ರಿವಾಲ್ವರಿನಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ.

.32ರ ಒದೆತ ದೊಡ್ಡದೇನಲ್ಲ. ಹಾಗಾಗಿ ಕಾರ್ಖಾನೆಯ ಹಿಡಿಯಲ್ಲೇ ಒಂದು ವರ್ಷ ಕಳೆಯಿರಿ, ಆಮೇಲೆ ಯೋಚಿಸಿ. ಹಿಡಿ ಬದಲಿಸುವುದರಲ್ಲಿ ಅಪಾಯವಿಲ್ಲ, ನಾಲ್ಕನೇ ಪ್ರಶ್ನೆಗೆ ಅದು ಪಾಸು. ಆತುರವೂ ಇಲ್ಲ. ನನ್ನ ಬೀಟೆ ತುಂಡು ಕೊನೆಗೆ ಮೆಟ್ಟುಕತ್ತಿಯ ಮಣೆ ಆಯಿತು. ಹೆಂಡತಿ ಸಂತೋಷವಾಗಿದ್ದಾಳೆ.

ಕೈ ಹಾಕಬಾರದ ಕಡೆ

ಟ್ರಿಗರ್ ಹಗುರ ಮಾಡಿಸುವ ವಿಷಯ ಖಡಾಖಂಡಿತ ಹೇಳಿಬಿಡುತ್ತೇನೆ: ಬೇಡ. ಟ್ರಿಗರ್ ಎಳೆಯಲು ಬಿಗಿ ಇರುವುದು ದೋಷವಲ್ಲ, ಅದೇ ಕಾವಲು. ಸ್ಪ್ರಿಂಗ್ ಮೆತ್ತಗೆ ಮಾಡಿದರೆ ತೋಟೆಗೆ ಬಡಿಯುವ ಹ್ಯಾಮರಿನ ಪೆಟ್ಟೂ ಮೆತ್ತಗಾಗುತ್ತದೆ, ಗುಂಡು ಹಾರದೇ ಹೋಗಬಹುದು. ಅದೂ ಅಲ್ಲದೆ ಆಯುಧ ರಿಪೇರಿ ಮಾಡಲು, ಬದಲಾಯಿಸಲು ಲೈಸೆನ್ಸ್ ಇದ್ದವರಿಗೆ ಮಾತ್ರ ಅಧಿಕಾರ. ಊರಿನ ಕಮ್ಮಾರ ಎಷ್ಟೇ ಜಾಣನಿರಲಿ, ಅವನ ಕೈಗೆ ಕೊಟ್ಟರೆ ಇಬ್ಬರೂ ಕೋರ್ಟಿಗೆ ಅಲೆಯಬೇಕು. ನಳಿಗೆ ಗಿಡ್ಡ ಮಾಡುವುದು, ಪಾಲಿಶ್ ಮಾಡಿಸುವಾಗ ನಂಬರ್ ಅಳಿಯುವುದು ಎರಡೂ ಅಪರಾಧ. ಬಣ್ಣ ಹೋಗಿದೆ, ಮತ್ತೆ ಕಪ್ಪು ಮಾಡಿಸಬೇಕು ಅಂದರೆ ಲೈಸೆನ್ಸ್ ಇರುವ ಕೋವಿ ಅಂಗಡಿಯ ಮೂಲಕವೇ, ನಂಬರ್ ಉಳಿಯುವಂತೆ.

ಸದ್ದು ಕಡಿಮೆ ಮಾಡುವ ಕೊಳವೆ ಬೇಕೆಂದು ಒಬ್ಬ ಹುಡುಗ ಕೇಳಿದ್ದ. ಅಂಥ ಸಾಮಾನನ್ನೂ 1959ರ ಆಯುಧ ಕಾಯ್ದೆ ಬಂದೂಕು ಎಂದೇ ಎಣಿಸುತ್ತದೆ. ತಮಾಷೆಗೂ ಹುಡುಕಬೇಡಿ.

ಲೇಸರ್? ಕೋಣೆಯೊಳಗಿನ ದೂರಕ್ಕೆ ಅದರ ಅಗತ್ಯ ಇಲ್ಲ, ಮಂಜು ಮುಸುಕಿದ ಅಂಗಳದಲ್ಲಿ ಅದರ ಪ್ರಯೋಜನ ಇಲ್ಲ. ಆ ದುಡ್ಡಿಗೆ ಒಳ್ಳೆಯ ಕೈ ಟಾರ್ಚ್ ಕೊಳ್ಳಿ. ನಾಯಿ ಬೊಗಳಿದಾಗ ಮೊದಲು ಬೇಕಾಗುವುದು ಅಲ್ಲಿರುವುದು ಯಾರು ಎಂದು ನೋಡುವುದು. ಹತ್ತರಲ್ಲಿ ಒಂಬತ್ತು ಸಲ ಅದು ಪಕ್ಕದ ಮನೆಯ ದನ. ಇನ್ನೊಂದು ಸಲ ಹಂದಿ. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ನಿಷೇಧ, ಆತ್ಮರಕ್ಷಣೆಗೆ ಕೊಟ್ಟ ರಿವಾಲ್ವರ್ ಹಂದಿಗಲ್ಲ. ಟಾರ್ಚನ್ನು ರಿವಾಲ್ವರಿಗೇ ಕಟ್ಟುವವರೂ ಇದ್ದಾರೆ. ಆಗ ನೀವು ನೋಡುವ ಪ್ರತಿಯೊಬ್ಬರ ಕಡೆಗೂ ನಳಿಗೆ ತಿರುಗಿರುತ್ತದೆ. ರಾತ್ರಿ ಬಚ್ಚಲಿಗೆ ಎದ್ದ ಅಮ್ಮನ ಕಡೆಗೂ.

ಗುರಿ ಸರಿಯಾಗಿ ಕಾಣಬೇಕು ಅನ್ನುವವರಿಗೆ ಹತ್ತು ಪೈಸೆಯ ಉಪಾಯ ಹೇಳುತ್ತೇನೆ. ನಳಿಗೆಯ ತುದಿಯ ಗುರಿಮೊಳೆಗೆ ಕಿತ್ತಳೆ ಬಣ್ಣದ ಉಗುರುಬಣ್ಣ ಒಂದು ಚುಕ್ಕೆ. ಸಂಜೆ ಬೆಳಕಿನಲ್ಲೂ ಎದ್ದು ಕಾಣುತ್ತದೆ, ಬೇಡವಾದರೆ ರಿಮೂವರ್ ಹಾಕಿ ಒರೆಸಿ. ಬಣ್ಣ ಮಗಳಿಂದ ಕೇಳಿ ತಗೊಳ್ಳಿ, ಕೇಳದೆ ತೆಗೆದರೆ ಬೇರೆ ಯುದ್ಧ ಶುರುವಾಗುತ್ತದೆ.

ಹತ್ತು ಸಾವಿರದ ಹಂಚಿಕೆ

ಅಳಿಯನಿಗೆ ಹೀಗೆ ಹೇಳಿದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ಟಿಗೆಗೆ. ತೇವ ತಡೆಯಲು, ಎಣ್ಣೆಗೆ, ಬ್ರಷ್ಷಿಗೆ ಸೇರಿ ಒಂದೂವರೆ ಎರಡು ಸಾವಿರ. ಕಿವಿ ಮುಚ್ಚುವ ಇಯರ್ ಮಫ್ ಒಂದು. ಇದನ್ನು ಯಾರೂ ಪಟ್ಟಿಗೆ ಹಾಕುವುದಿಲ್ಲ, ಆದರೆ ಬಂದೂಕಿನ ಸದ್ದು 140 ಡೆಸಿಬೆಲ್ ದಾಟುತ್ತದೆ, ಒಂದೇ ಸಲಕ್ಕೆ ಕಿವಿಗೆ ಶಾಶ್ವತ ಪೆಟ್ಟಾಗಬಹುದು. ಉಳಿದದ್ದು ಅಭ್ಯಾಸಕ್ಕೆ. ಜಿಲ್ಲಾ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ನಡೆಸುವಾಗ ಹೆಸರು ಕೊಡಿ. ಮನೆಯಲ್ಲಿ ಟ್ರಿಗರ್ ಎಳೆದು ಅಭ್ಯಾಸ ಮಾಡಲು ಸ್ನ್ಯಾಪ್ ಕ್ಯಾಪ್ ಎಂಬ ಸುಳ್ಳು ತೋಟೆ ಸಿಗುತ್ತವೆ. ಅದನ್ನು ಬಳಸುವ ಕೋಣೆಯಲ್ಲಿ ನಿಜವಾದ ಒಂದು ತೋಟೆಯೂ ಇರಬಾರದು.

ಮೂರು ಸಾವಿರವೇ ಇರುವುದು ಅಂದರೆ? ಕೀಲಿಯ ಸಣ್ಣ ಪೆಟ್ಟಿಗೆ, ಸಿಲಿಕಾ ಜೆಲ್, ಹೊಲಿಗೆ ಯಂತ್ರದ ಎಣ್ಣೆ. ಹೋಲ್‌ಸ್ಟರ್ ಬರುವ ವರ್ಷ, ಅಲ್ಲಿಯವರೆಗೆ ರಿವಾಲ್ವರ್ ಮನೆ ದಾಟುವುದು ಬೇಡ. ಇಪ್ಪತ್ತು ಸಾವಿರ ಇದೆ ಅನ್ನುವವರು ಪೆಟ್ಟಿಗೆಯನ್ನು ಇನ್ನೂ ದಪ್ಪ ತಗಡಿನದು ಮಾಡಿ, ಅಳತೆಯ ಹೋಲ್‌ಸ್ಟರ್ ಮಾಡಿಸಿ. ಮಿಕ್ಕಿದ್ದರೆ ಬೀಟೆಯ ಹಿಡಿ. ನಾನು ಅಡ್ಡ ಬರುವುದಿಲ್ಲ.

ಇನ್ನೊಂದು ಸಾಮಾನು ಮರೆತಿದ್ದೆ: ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಡಬ್ಬಿ, ಅಡುಗೆಮನೆಗೆ ಸಿಗುವಂಥದ್ದೇ. ಚುನಾವಣೆ ಬಂದಾಗ ಆಯುಧ ಜಮೆ ಮಾಡಲು ಕರೆ ಬರುತ್ತದೆ. 2024ರಲ್ಲಿ ಶಿವಮೊಗ್ಗಕ್ಕೆ ಮೇ 7ಕ್ಕೆ ಮತದಾನ, ಎಣಿಕೆ ಜೂನ್ 4ಕ್ಕೆ. ಅಷ್ಟರಲ್ಲಿ ಮುಂಗಾರು ಮೋಡ ಕಟ್ಟಿರುತ್ತದೆ. ಹಿಂದೆ ಒಂದು ಸಲ ನಾನು ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದೆ. ಎರಡು ತಿಂಗಳ ಮೇಲೆ ವಾಪಸ್ ಬಂದಾಗ ಕೊಂಡಿಯೇ ತೆರೆಯಲಿಲ್ಲ. ಈಗ ಒಳಗೆ ಹೊರಗೆ ದಪ್ಪವಾಗಿ ಎಣ್ಣೆ ಹಚ್ಚಿ, ಹೊಸದಾಗಿ ಹುರಿದ ಸಿಲಿಕಾ ಜೆಲ್ ಎರಡು ಮುಷ್ಟಿ ಹಾಕಿ, ಡಬ್ಬಿಯಲ್ಲಿಟ್ಟು, ನಂಬರ್ ಕಾಣುವಂತೆ ಫೋಟೋ ತೆಗೆದು ಕೊಡುತ್ತೇನೆ. ಹೋಲ್‌ಸ್ಟರ್, ರಬ್ಬರ್ ಹಿಡಿ ಯಾವುದನ್ನೂ ಜೊತೆಗೆ ಕೊಡುವುದಿಲ್ಲ. ಕಾರ್ಖಾನೆಯ ಹಿಡಿ ಹಾಕಿಯೇ ಕೊಡುವುದು. ರಸೀದಿಯಲ್ಲಿ ಡಬ್ಬಿ ಒಂದು ಅಂತಲೂ ಬರೆಸಿಕೊಳ್ಳಿ. ಹೋದ ಸಲ ರಿವಾಲ್ವರ್ ವಾಪಸ್ ಬಂತು, ಡಬ್ಬಿ ಬರಲಿಲ್ಲ.